ಗಷ್ಟು ಕಂಡರಾಗದವರು

ವಾಷಿಂಗ್ಟನ್ ಕಡೆಯ ಕನ್ನಡ ಬಳಗದಿಂದ ಹೋದ ವಾರ ಫೋನ್ ಬಂತು. ಬಳಗದ ಪತ್ರಿಕೆಯ ಸಂಪಾದಕ, ಸ್ಟರ್ಲಿಂಗ್‌ನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಹುಡುಗ, ತುಂಬ ವಿನಯದಿಂದ ಮಾತಾಡಿದ.

"ಮೇಡಂ, ಸರ್ ರಿಟೈರ್ ಆಗ್ತಿದಾರೆ. ಯುಗಾದಿ ಫಂಕ್ಷನ್ನಲ್ಲಿ ಸನ್ಮಾನ ಇಟ್ಕೊಂಡಿದೀವಿ, ಒಂದು ಸ್ಪೆಷಲ್ ಇಶ್ಯೂನೂ ತರ್ತಿದೀವಿ. ನೀವು ಅವರ ಲ್ಯಾಬ್‌ನಲ್ಲಿ ವರ್ಕ್ ಮಾಡಿದ್ರಂತಲ್ಲ, ಅವರ ಬಗ್ಗೆ ನಾಲ್ಕು ಒಳ್ಳೆ ಮಾತು ಬರೆದುಕೊಡ್ತೀರಾ?"

"ನನ್ನ ನಂಬರ್ ಯಾರು ಕೊಟ್ರು?"

"ಸರ್ ಅವರೇ. 'ನಾರ್ತ್ ಕ್ಯಾರೊಲೈನಾದಲ್ಲಿ ನಮ್ಮ ಹುಡುಗಿ ಒಬ್ಬಳಿದಾಳೆ, ಕೇಳಿದ್ರೆ ಇಲ್ಲ ಅನ್ನಲ್ಲ' ಅಂದ್ರು." ಆ ಕಡೆ ಸಣ್ಣದೊಂದು ಕೆಮ್ಮು ಕೇಳಿಸಿತು. "ಅಂದ ಹಾಗೆ ಮೇಡಂ, ನಿಮ್ಮ ಹೆಸರು? ಸರ್ ಅದು ಹೇಳ್ಲಿಲ್ಲ."

ಹೇಳಿದೆ. ಶೈಲಜಾ ಅಂತ ಬಿಡಿಸಿ ಬಿಡಿಸಿ ಹೇಳಿ, ಬರೆದುಕೊಂಡನಾ ಎಂದು ಖಾತರಿ ಮಾಡಿಕೊಂಡೆ. ಲೇಖನ ಬೇಗ ಕಳಿಸುತ್ತೇನೆ ಎಂದೆ. ಹುಡುಗನಿಗೆ ಆಶ್ಚರ್ಯವಾಯಿತೇನೋ, ಬೇರೆ ಯಾರೂ ಇಷ್ಟು ಸಲೀಸಾಗಿ ಒಪ್ಪಿರಲಿಲ್ಲವಂತೆ. ಫೋನ್ ಇಟ್ಟು ಅಡುಗೆಮನೆಗೆ ಬಂದರೆ ಒಗ್ಗರಣೆ ಸೀದು ಕರಿಯಾಗಿತ್ತು. ಆದರೂ ನನಗೆ ನಗು ಬರುತ್ತಿತ್ತು. ನನಗೆ ಇಂಥ ಅವಕಾಶವನ್ನು ಅವರೇ ಕೈಯಾರೆ ತಂದುಕೊಡುತ್ತಾರೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ.

ಒಳ್ಳೆಯದನ್ನು ಮೊದಲೇ ಹೇಳಿ ಮುಗಿಸುತ್ತೇನೆ, ಆಮೇಲೆ ಅದಕ್ಕೆ ಮನಸ್ಸು ಬರಲಿಕ್ಕಿಲ್ಲ. ತೊಂಬತ್ತರ ದಶಕದ ಶುರುವಿನಲ್ಲಿ, ಕೊರೆಯುವ ಚಳಿಯಲ್ಲಿ ಅವರ ಲ್ಯಾಬಿಗೆ ಸೇರಲೆಂದು ನಾನು ವಾಷಿಂಗ್ಟನ್ ಪಕ್ಕದ ಡಲ್ಲೆಸ್ ಏರ್‌ಪೋರ್ಟಿನಲ್ಲಿ ಇಳಿದಾಗ ಕರೆದುಕೊಂಡು ಹೋಗಲು ಅವರೇ ಬಂದಿದ್ದರು. ಕೈಯಲ್ಲಿ ಅವರ ಹೆಂಡತಿಯ ಹಳೆಯ ಕೋಟು. "ಹಾಕ್ಕೊಳಮ್ಮಾ, ದಾವಣಗೆರೆ ಅಲ್ಲ ಇದು" ಎಂದರು. ಫೇರ್‌ಫ್ಯಾಕ್ಸಿನ ಅವರ ಮನೆಯಲ್ಲಿ ಆಂಟಿ ಬಿಸಿ ಅನ್ನ, ತಿಳಿಸಾರು ಬಡಿಸಿದರು. ನನಗೆ ಬಾಡಿಗೆಮನೆ ಹುಡುಕಿಕೊಟ್ಟವರು ಅವರು. ಭಾನುವಾರ ಖಾಲಿಯಿರುತ್ತಿದ್ದ ಶಾಲೆಯ ಪಾರ್ಕಿಂಗ್ ಲಾಟಿನಲ್ಲಿ ಡ್ರೈವಿಂಗ್ ಕಲಿಸಿ, ಆಮೇಲೆ ಊರು ಸುತ್ತುವ ಹೆದ್ದಾರಿ ಬೆಲ್ಟ್‌ವೇಗೆ ಕರೆದುಕೊಂಡು ಹೋಗಿ, "ಹೆದರ್ಕೋಬೇಡ, ಇಂಡಿಕೇಟರ್ ಹಾಕು, ಜಾಗ ಬಿಡ್ತಾರೆ" ಎಂದವರೂ ಅವರೇ. ಒಬ್ಬರೂ ಜಾಗ ಬಿಡಲಿಲ್ಲ. ಅಂತೂ ಡ್ರೈವಿಂಗ್ ಬಂತು. ಇಷ್ಟೂ ನಿಜ. ಇಷ್ಟನ್ನು ಬಳಗದವರು ಬೇಕಾದರೆ ಚೌಕಟ್ಟು ಕಟ್ಟಿ ಹಾಕಿಕೊಳ್ಳಲಿ.

ಸಣ್ಣ ಆಳು, ಉದ್ದ ಮೂಗು, ಬಿಳಿ ಕೋಟಿನೊಳಗೆ ಆಂಟಿ ಹೆಣೆದ ಮಾಸಲು ಹಸಿರು ಸ್ವೆಟರ್. ಅದು ಬೇಸಿಗೆಯಲ್ಲೂ ಮೈಮೇಲಿರುತ್ತಿತ್ತು. ಯಾರಿಗಾದರೂ ಆಗಲ್ಲ ಅನ್ನುವುದಿದ್ದರೆ ಮೊದಲು ಕನ್ನಡಕ ತೆಗೆದು, ಅದರ ಕಡ್ಡಿಗಳನ್ನು ಒಂದೊಂದಾಗಿ ಮಡಚಿ ಮೇಜಿನ ಮೇಲಿಡುತ್ತಿದ್ದರು. ಎರಡನೇ ಕಡ್ಡಿ ಮಡಚುವಷ್ಟರಲ್ಲಿ ನಮ್ಮ ಮಾತು ನಮ್ಮ ಬಾಯಲ್ಲೇ ಒಣಗುತ್ತಿತ್ತು. ನನ್ನನ್ನು ಎದುರಿಗೆ ಕರೆಯುತ್ತಿದ್ದುದು "ಅಮ್ಮಾ" ಅಂತ. ಬೇರೆಯವರಿಗೆ ಪರಿಚಯಿಸುವಾಗ "ನಮ್ಮ ಹುಡುಗಿ". ಯುಗಾದಿಗೆ, ಗಣೇಶನ ಹಬ್ಬಕ್ಕೆ, ಯಾರದೋ ಮಗಳ ಭರತನಾಟ್ಯಕ್ಕೆ, ಎಲ್ಲಿ ಹೋದರೂ "ಇವಳು ನಮ್ಮ ಹುಡುಗಿ, ಲ್ಯಾಬ್‌ನಲ್ಲಿದಾಳೆ." ಆಗೆಲ್ಲ ನನಗೆ ಅದು ಪ್ರೀತಿ ಎನಿಸುತ್ತಿತ್ತು. ಹೆಸರು ನೆನಪಿಟ್ಟುಕೊಳ್ಳುವ ಗೋಜೇ ಇಲ್ಲದ ಪ್ರೀತಿ ಅದು ಎಂದು ತಿಳಿಯಲು ತಡವಾಯಿತು.

ಅವರನ್ನು ಬಲ್ಲವರಿಗೆಲ್ಲ ಅವರ ಕಾಫಿ ಗೊತ್ತು. ಮೈಸೂರಿನಿಂದ ಪುಡಿ ತರಿಸುತ್ತಿದ್ದರು. ಲ್ಯಾಬಿನ ತಮ್ಮ ಕೋಣೆಯಲ್ಲೊಂದು ಹಿತ್ತಾಳೆ ಫಿಲ್ಟರ್ ಇಟ್ಟುಕೊಂಡು, ಬೆಳಿಗ್ಗೆ ಬಂದ ಕೂಡಲೇ ಡಿಕಾಕ್ಷನ್ ಇಳಿಸುತ್ತಿದ್ದರು. ಇಳಿದ ಮೇಲೆ ಗಾಜಿನ ಲೋಟಕ್ಕೆ ಬಗ್ಗಿಸಿ, ಟ್ಯೂಬ್‌ಲೈಟಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಒಂದು ಕಣ ಕಂಡರೂ ಅಷ್ಟೂ ಸಿಂಕಿಗೆ. ತಳದಲ್ಲಿ ಕೂರುವ ಗಷ್ಟು ಕಂಡರೆ ಅವರಿಗೆ ಆಗುತ್ತಿರಲಿಲ್ಲ, ಮೈಯೆಲ್ಲ ಮುಳ್ಳೇಳುತ್ತಿತ್ತು. ಮನೆಯಲ್ಲಿ ಸಾರಿನ ಪಾತ್ರೆಗೆ ಸೌಟು ಇಳಿಸುವಾಗ ಆಂಟಿಗೆ "ಕೆದಕಬೇಡ ಕಣೇ, ಕೆದಕಬೇಡ" ಎಂದು ಹೇಳುತ್ತಲೇ ಇರುತ್ತಿದ್ದರು. ಲ್ಯಾಬಿನಲ್ಲೂ ಅದೇ ಮಾತು. ಏನೇ ಕುದಿಸಲಿ, ಏನೇ ಅರೆಯಲಿ, "ತಿಳಿ ಮಾಡ್ಕೊಂಡು ಬಾಮ್ಮಾ."

ನಮ್ಮ ಕೆಲಸ ಚೀನೀ ಔಷಧಿಯ ಮೇಲೆ. ಹೊಟ್ಟೆಯುರಿ, ಭೇದಿ, ಕರುಳಿನ ಹುಣ್ಣಿಗೆ ಅಲ್ಲಿಯ ವೈದ್ಯರು ಯಾವ ಕಾಲದಿಂದಲೋ ಕೊಡುತ್ತಿರುವ ಕಷಾಯ ಒಂದಿದೆ. ಎರಡು ಬಗೆಯ ಹಳದಿ ಬೇರು ಕುದಿಸಿ ಮಾಡುತ್ತಾರೆ. ಅದು ಮೈಯೊಳಗೆ ಹೋಗಿ ಏನು ಮಾಡುತ್ತದೆ, ಯಾವ ಅಂಶ, ಎಲ್ಲಿ, ಹೇಗೆ ಕೆಲಸ ಮಾಡುತ್ತದೆ ಎಂದು ಕಂಡುಹಿಡಿಯಬೇಕಿತ್ತು. ನನ್ನ ಜೊತೆ ಈ ಕೆಲಸದಲ್ಲಿದ್ದವಳು ಲಿನ್, ಚೆಂಗ್ಡುವಿನವಳು, ನನ್ನ ಹಾಗೆಯೇ ಪಿಎಚ್‌ಡಿ ಮುಗಿಸಿ ವೀಸಾ ಹಿಡಿದು ಬಂದವಳು. ರಾಕ್‌ವಿಲ್ಲಿನ ಚೀನೀ ಅಂಗಡಿಯಿಂದ ಬೇರು ತಂದು, ಮಣ್ಣಿನ ಪಾತ್ರೆಯಲ್ಲಿ ಕುದಿಸುವುದು, ಕರುಳಿನಲ್ಲಿ ಹುಣ್ಣೆದ್ದ ಇಲಿಗಳಿಗೆ ಕುಡಿಸುವುದು. ಕುದಿಸಿದ ದಿನ ಆ ವಾಸನೆ ಮೇಲಿನ ಮಹಡಿವರೆಗೂ ಏರುತ್ತಿತ್ತು. ಒಮ್ಮೆ ಅಗ್ನಿಶಾಮಕದವರೇ ಬಂದು ಪಾತ್ರೆಯೊಳಗೆ ಇಣುಕಿ ನೋಡಿ ಹೋದರು.

ಬೇರೆ ಬೇರೆಯಾಗಿ ಕುದಿಸಿದರೆ ಎರಡು ಬೇರಿನ ರಸವೂ ತಿಳಿಯಾಗಿರುತ್ತದೆ. ಒಂದೇ ಪಾತ್ರೆಯಲ್ಲಿ ಕುದಿಸಿದರೆ ಕದಡಿ, ತಳದಲ್ಲಿ ಕೆಸರಿನಂಥ ಹಳದಿ ಗಷ್ಟು ಕೂರುತ್ತದೆ. ನಮ್ಮ ಸರ್ ಅದನ್ನು ಬಿಡುತ್ತಾರೆಯೇ? ಸೋಸು, ಮತ್ತೆ ಸೋಸು, ಬೆಳಕಿಗೆ ಹಿಡಿದು ತೋರಿಸು. ಗಷ್ಟು ಕಸದ ಡಬ್ಬಿಗೆ, ತಿಳಿ ಇಲಿಗಳಿಗೆ. ಹೀಗೆ ತಿಂಗಳುಗಟ್ಟಲೆ ಮಾಡಿದೆವು. ಇಲಿಗಳಿಗೆ ಅಷ್ಟಿಷ್ಟು ಗುಣ ಕಾಣುತ್ತಿತ್ತು, ಎದ್ದು ಕಾಣುವಂಥದ್ದೇನಿಲ್ಲ. ನನಗೂ ಅದರಲ್ಲೇನೂ ತಪ್ಪು ಕಂಡಿರಲಿಲ್ಲ. ಕಷಾಯ ಎಂದರೆ ಬಟ್ಟೆಯಲ್ಲಿ ಸೋಸಿಯೇ ಕುಡಿಯುವ ಮನೆಯಿಂದ ಬಂದವಳು ನಾನೂ.

ಒಂದು ದಿನ ಲಿನ್‌ಗೇ ಹೊಟ್ಟೆ ಕೆಟ್ಟಿತು. ಮನೆಯಲ್ಲಿ ಅದೇ ಕಷಾಯ ಮಾಡಿ ಫ್ಲಾಸ್ಕಿನಲ್ಲಿ ತಂದು, ಊಟದ ಕೋಣೆಯಲ್ಲಿ ಕಪ್ಪಿಗೆ ಬಗ್ಗಿಸಿಕೊಂಡು ಕುಡಿಯುತ್ತಿದ್ದಳು. ಕಪ್ಪನ್ನು ಗರಗರ ಅಲುಗಿಸಿ, ತಳದ ಕೆಸರೆಲ್ಲ ಮೇಲೆದ್ದ ಮೇಲೆ ಒಂದೇ ಗುಟುಕಿಗೆ ನುಂಗಿದಳು. ನಾನು ಮುಖ ಕಿವುಚಿ, ಅದ್ಯಾಕೆ ಸೋಸಲಿಲ್ಲ ಎಂದು ಕೇಳಿದೆ. ಅವಳಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ತಳದಲ್ಲಿ ಉಳಿಸಿದರೆ ಅಮ್ಮ ಬೈಯುತ್ತಾಳೆ ಎಂದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ನಾವು ಇಷ್ಟು ದಿನ ಕಸದ ಡಬ್ಬಿಗೆ ಹಾಕಿದ್ದು ಏನು ಎಂದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು.

ಅವಳು ಲ್ಯಾಬಿನಲ್ಲಿ ಸರ್ ಹೇಳಿದಂತೆ ಸೋಸುತ್ತಿದ್ದಳು, ಮನೆಯಲ್ಲಿ ಅಮ್ಮ ಹೇಳಿದಂತೆ ಕುಡಿಯುತ್ತಿದ್ದಳು. ಎರಡನ್ನೂ ಒಟ್ಟಿಗಿಟ್ಟು ನೋಡಿರಲಿಲ್ಲ ಅಷ್ಟೆ. ಮಾರನೆಯ ದಿನದಿಂದಲೇ ಬೇರೆ ಇಲಿಗಳಿಗೆ ಬರೀ ಗಷ್ಟು ಕುಡಿಸಲು ಶುರುಮಾಡಿದೆವು. ಅವುಗಳ ಕರುಳನ್ನು ಮೊದಲ ಸಲ ಮೈಕ್ರೋಸ್ಕೋಪಿನಡಿ ನೋಡಿದಾಗ, ನಾನು ಬೇರೆ ಯಾವುದೋ ಆರೋಗ್ಯವಂತ ಇಲಿಯ ಸ್ಲೈಡ್ ಇಟ್ಟುಬಿಟ್ಟೆನೇನೋ ಎಂದುಕೊಂಡೆ. ಹುಣ್ಣು ಅಷ್ಟು ಚೆನ್ನಾಗಿ ಆರಿತ್ತು. ಒಂದು ಬೇರಿನ ಕಹಿ ಅಂಶ ಇನ್ನೊಂದರ ಹುಳಿ ಅಂಶವನ್ನು ಹಿಡಿದುಕೊಂಡು ತಳಕ್ಕಿಳಿಯುತ್ತದೆ. ಹಾಗೆ ಜೊತೆಯಾದದ್ದು ಮೇಲಿನ ಹೊಟ್ಟೆಯಲ್ಲಿ ಕರಗುವುದಿಲ್ಲ, ಹುಣ್ಣಿರುವ ಕೆಳಗಿನ ಕರುಳಿಗೆ ಹೋಗಿ ಅಲ್ಲಿ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ಸೋಸಿದ ತಿಳಿಗೆ ಆ ತನಕ ಹೋಗುವ ಶಕ್ತಿಯೇ ಇರಲಿಲ್ಲ. ಇದನ್ನೆಲ್ಲ ಸಾಬೀತು ಮಾಡಲು ನಾವಿಬ್ಬರೂ ಹಗಲೆಲ್ಲ ಕತ್ತೆಯಂತೆ ದುಡಿದೆವು. ನನ್ನ ಬದುಕಿನಲ್ಲಿ ಅಷ್ಟು ಖುಷಿಯಾಗಿ ನಾನೆಂದೂ ಇರಲಿಲ್ಲ, ಆಮೇಲೂ ಇಲ್ಲ.

ಸರ್‌ಗೆ ತೋರಿಸಿದೆ. ಚಿತ್ರಗಳನ್ನು ನೋಡಿದರು, ನಿಧಾನವಾಗಿ, ಎಲ್ಲವನ್ನೂ. ಹೇಗೆ ಮಾಡಿದೆವು, ಹೇಗೆ ಕುಡಿಸಿದೆವು ಎಂದು ನಾನು ಹೇಳಲು ಶುರುಮಾಡಿದೆ. ಅವರು ಕನ್ನಡಕ ತೆಗೆದರು. ಒಂದು ಕಡ್ಡಿ, ಇನ್ನೊಂದು ಕಡ್ಡಿ.

"ಗಷ್ಟು ಪಬ್ಲಿಷ್ ಮಾಡ್ತಾರೇನಮ್ಮಾ ಯಾರಾದ್ರೂ?"

"ಸರ್, ರಿಸಲ್ಟ್ ನೋಡಿ. ಇದು ಎಷ್ಟು ಸಲ ಮಾಡಿದ್ರೂ ಬರ್ತಿದೆ."

"ನೋಡಿದೆನಲ್ಲ. ಇಲ್ಲೇ ಬಿಟ್ಟು ಹೋಗು. ಮೊದ್ಲು ಹೇಳಿದ ಕೆಲಸ ಮುಗ್ಸು. ನಿನ್ನ ವೀಸಾ ಎಕ್ಸ್‌ಟೆನ್ಷನ್ಗೆ ನಾನು ಸೈನ್ ಮಾಡ್ಬೇಕು, ನೆನಪಿದೆ ತಾನೆ?"

ನೆನಪಿತ್ತು. ಬಿಟ್ಟು ಬಂದೆ.

ಮುಂದಿನ ವಸಂತದಲ್ಲಿ ಅಟ್ಲಾಂಟಾದಲ್ಲಿ ದೊಡ್ಡ ಸಮ್ಮೇಳನ. ಸರ್ ಮಾತಾಡುವವರಿದ್ದರು. ಅಲ್ಲಿಯವರೆಗೆ ಕಾರಿನಲ್ಲೇ ಹೋಗೋಣ ಎಂದು ನನ್ನನ್ನು ಡ್ರೈವ್ ಮಾಡಲು ಕರೆದುಕೊಂಡು ಹೋದರು. ಏನು ಮಾತಾಡುತ್ತೀರಿ ಎಂದು ನಾನೂ ಕೇಳಲಿಲ್ಲ, ಸೋಸಿದ ತಿಳಿಯ ಬಗ್ಗೆಯೇ ಇರಬೇಕೆಂದುಕೊಂಡೆ. ಮೂರನೇ ಸಾಲಿನಲ್ಲಿ ಕುಳಿತಿದ್ದೆ. ದೀಪ ಆರಿತು, ಪರದೆ ಮೇಲೆ ಮೊದಲ ಸ್ಲೈಡ್ ಬಂತು. ಅದು ಒಂದು ಹಿತ್ತಾಳೆ ಕಾಫಿ ಫಿಲ್ಟರಿನ ಫೋಟೋ.

ತಾವು ದಕ್ಷಿಣ ಭಾರತದವರು, ಕಾಫಿ ಇಲ್ಲದೆ ದಿನ ಶುರುವಾಗುವುದಿಲ್ಲ ಎಂದು ಸಭೆಯನ್ನು ನಗಿಸಿದರು. ಒಂದು ಬೆಳಿಗ್ಗೆ ಫಿಲ್ಟರ್ ತೊಳೆಯುವಾಗ ತಳದಲ್ಲಿ ಉಳಿದ ಗಷ್ಟನ್ನು ನೋಡುತ್ತಾ ನಿಂತರಂತೆ. ನಾವು ಎಸೆಯುತ್ತಿರುವುದೇನು ಎಂಬ ಪ್ರಶ್ನೆ ಆಗ ಹುಟ್ಟಿತಂತೆ. ಆಮೇಲೆ ನಮ್ಮ ಇಲಿಗಳು, ನಮ್ಮ ಕರುಳುಗಳು, ನಾನು ಬಣ್ಣ ಹಾಕಿ ತೆಗೆದ ಚಿತ್ರಗಳು ಒಂದಾದ ಮೇಲೊಂದು ಬಂದವು. ಆ ಮನುಷ್ಯ ಜನ್ಮದಲ್ಲಿ ಫಿಲ್ಟರ್ ತೊಳೆದವರಲ್ಲ. ಲ್ಯಾಬಿನಲ್ಲಿ ತೊಳೆಯುತ್ತಿದ್ದವಳು ನಾನು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿದ್ದವರು ನನಗೆ, ನಿಮ್ಮವರಾ, ಎಂಥ ಬುದ್ಧಿವಂತರು ಎಂದರು. ನಮ್ಮ ಕೆಲಸ ಕದ್ದದ್ದು ಹಾಗಿರಲಿ, ಆ ಸುಳ್ಳು ಕಥೆ ನನ್ನ ಹೊಟ್ಟೆ ಉರಿಸಿದಷ್ಟು ಬೇರೇನೂ ಉರಿಸಲಿಲ್ಲ. ಲಿನ್‌ಳ ಅಮ್ಮನ ಮಾತನ್ನೂ ಅವರು ಬಿಡಲಿಲ್ಲವಲ್ಲ.

ಇದರ ಪೇಪರ್ ಆಗಲೇ ಅಚ್ಚಿಗೆ ಹೋಗಿದೆ ಎಂದು ಕೊನೆಯಲ್ಲಿ ಅವರೇ ಹೇಳಿದರು. ಅದು ಅಚ್ಚಾಗಿ ಬಂದ ಮೇಲೆ ನೋಡಿದೆ. ಮೇಲೆ ಅವರ ಹೆಸರು, ಇಲಿಯ ಬಾಲವನ್ನೂ ಮುಟ್ಟದ ಅವರ ಗೆಳೆಯರೊಬ್ಬರ ಹೆಸರು. ನಾನೂ ಲಿನ್ನೂ ಇದ್ದದ್ದು ಕಟ್ಟಕಡೆಯಲ್ಲಿ, ಸಣ್ಣ ಅಕ್ಷರದ ಒಂದು ಸಾಲಿನಲ್ಲಿ: ಈ ಬರಹ ಸಿದ್ಧಪಡಿಸಲು ನೆರವಾದ ಪ್ರಯೋಗಾಲಯದ ಎಲ್ಲರಿಗೂ ವಂದನೆಗಳು.

ಅಟ್ಲಾಂಟಾದಿಂದ ವಾಪಸ್ ಬರುವ ದಾರಿಯಲ್ಲೇ ಕೇಳಿದ್ದೆ. ಜಾರ್ಜಿಯಾ ದಾಟಿ ದಕ್ಷಿಣ ಕ್ಯಾರೊಲೈನಾ ಬಂದ ಮೇಲೆ ಬಾಯಿಬಿಟ್ಟೆ.

"ಸರ್, ಪೇಪರ್ನಲ್ಲಿ ನನ್ನ ಹೆಸರು, ಲಿನ್ ಹೆಸರು ಇದೆ ಅಲ್ವಾ?"

"ಇದ್ಯಾಕಮ್ಮಾ ಈಗ?"

"ಕೆಲಸ ನಮ್ದು ಸರ್."

ಅವರು ಕನ್ನಡಕ ತೆಗೆದರು. ರಸ್ತೆ ನೋಡುತ್ತಿದ್ದರೂ ಕಡ್ಡಿ ಮಡಚಿದ ಸದ್ದು ನನಗೆ ಕೇಳಿಸಿತು.

"ಲ್ಯಾಬ್ ನನ್ದು, ಗ್ರಾಂಟ್ ನನ್ದು. ನಿನಗೇನು, ಚಿಕ್ಕ ವಯಸ್ಸು, ಮುಂದೆ ಬೇಕಾದಷ್ಟು ಪೇಪರ್ ಬರ್ತವೆ. ನನಗೆ ಇದೇ ಕೊನೇದು ಅನ್ಕೋ. ಮನೆಯವರ ಹಾಗೆ ನೋಡ್ಕೊಂಡಿದೀವಿ ನಿನ್ನ. ಮನೇಲಿ ಯಾರಾದ್ರೂ ಹೀಗೆ ಲೆಕ್ಕ ಕೇಳ್ತಾರಾ?"

ಇಷ್ಟು ಹೇಳಿ, ಸೀಟು ಹಿಂದಕ್ಕೆ ಒರಗಿಸಿ ನಿದ್ದೆ ಹೋದರು. ಗೊರಕೆ ಕೂಡ ಹೊಡೆದರು. ಗ್ಯಾಫ್ನಿಯಲ್ಲಿ ಪೀಚ್ ಹಣ್ಣಿನ ಆಕಾರದ ದೊಡ್ಡ ನೀರಿನ ಟ್ಯಾಂಕ್ ಕಾಣುವಲ್ಲಿ ಪೆಟ್ರೋಲಿಗೆ ನಿಲ್ಲಿಸಿದೆ. ಎಚ್ಚರಾಗಿ, "ಒಂದು ಕಾಫಿ ತಗೊಂಬಾಮ್ಮಾ, ಹಾಲು ಹಾಕಿಸು" ಎಂದರು. ಒಳಗೆ ಹೋದರೆ ಕಾಫಿ ಜಗ್ಗಿನ ತಳದಲ್ಲಿ ಪುಡಿಯೆಲ್ಲ ಸೋರಿ ಬಂದು ಕೆಸರಾಗಿತ್ತು. ಕೌಂಟರಿನವಳು ಹೊಸದಾಗಿ ಮಾಡಿಕೊಡುತ್ತೇನೆ ಎಂದಳು. ಬೇಡ, ನನಗೆ ಇದೇ ಬೇಕು ಎಂದೆ. ಚೆನ್ನಾಗಿ ಅಲುಗಿಸಿ, ಕಪ್ಪಿನ ತುಂಬ ಬಗ್ಗಿಸಿ, ಹಾಲು ಹಾಕಿ, ಮುಚ್ಚಳ ಬಿಗಿಯಾಗಿ ಒತ್ತಿ ತಂದುಕೊಟ್ಟೆ. ಮುಚ್ಚಳದ ಕಾಫಿಯನ್ನು ಬೆಳಕಿಗೆ ಹಿಡಿದು ನೋಡಲಾಗುವುದಿಲ್ಲವಲ್ಲ. ದೊಡ್ಡ ಗುಟುಕನ್ನೇ ಹೀರಿದರು. ಷಾರ್ಲಟ್ ಬರುವವರೆಗೂ ನಾಲಿಗೆಯನ್ನು ಕರವಸ್ತ್ರಕ್ಕೆ ಒರೆಸಿಕೊಳ್ಳುತ್ತಲೇ ಇದ್ದರು. "ಎಲ್ಲಿಂದ ತಂದೆಯಮ್ಮಾ ಈ ದರಿದ್ರಾನ?" ಎಂದರು. "ಇದರಲ್ಲೇ ಎಲ್ಲ ಇರೋದು ಅಂತ ನೀವೇ ಬೆಳಿಗ್ಗೆ ಹೇಳಿದ್ರಲ್ಲ ಸರ್" ಎಂದೆ.

ಅದು ಸಣ್ಣ ಸೇಡು, ಒಪ್ಪುತ್ತೇನೆ. ದೊಡ್ಡದು ತಾನಾಗಿ ಬಂತು.

ಅಷ್ಟರಲ್ಲಿ ನಾನು ಉತ್ತರ ಕ್ಯಾರೊಲೈನಾದ ಕ್ಯಾರಿಗೆ ಬಂದು, ಮಾತ್ರೆಗೆ ಲೇಪನ ಹಚ್ಚುವ ಕಂಪನಿಯೊಂದರಲ್ಲಿ ಸೇರಿಕೊಂಡಿದ್ದೆ. ಲಿನ್ ಅಟ್ಲಾಂಟಾದಲ್ಲಿ ಕೆಲಸ ಹಿಡಿದಳು. ಒಂದು ಭಾನುವಾರ ಬೆಳಿಗ್ಗೆ ಸರ್ ಫೋನು. ಕುಶಲ ಕೇಳಿದರು, ಆಂಟಿ ನೆನೆಸಿಕೊಳ್ಳುತ್ತಾರೆ ಎಂದರು. ಆಮೇಲೆ ವಿಷಯಕ್ಕೆ ಬಂದರು. ಅವರ ಪೇಪರ್ ಓದಿ ಬೇರೆ ಬೇರೆ ಲ್ಯಾಬಿನವರು ಅದೇ ಪ್ರಯೋಗ ಮಾಡಿ ನೋಡಿದ್ದರು. ಒಬ್ಬರ ಇಲಿಗೂ ಗುಣವಾಗಿರಲಿಲ್ಲ. ಎಲ್ಲರೂ ಇವರನ್ನು ಕೇಳುತ್ತಿದ್ದರು. ಇವರು ತಾವೇ ಮಾಡಿಸಿ ನೋಡಿದರೂ ಬರುತ್ತಿರಲಿಲ್ಲ.

"ನೀನು ಏನೋ ಬೇರೆ ಥರ ಮಾಡ್ತಿದ್ದೆ ಅನ್ಸತ್ತಮ್ಮಾ. ಸ್ವಲ್ಪ ಜ್ಞಾಪಿಸ್ಕೊಂಡು ಹೇಳು. ಗ್ರಾಂಟ್‌ನವರು ಕೂತ್ಕೊಂಡಿದಾರೆ ತಲೆ ಮೇಲೆ."

ಅವರು ಹೇಗೆ ಮಾಡಿಸಿದ್ದಾರೆ ಎಂದು ಅವರ ಲೇಖನ ಓದಿದ ದಿನವೇ ನನಗೆ ಗೊತ್ತಾಗಿತ್ತು. ಎಡವಿದ್ದು ಎಲ್ಲಿ ಎಂಬುದೂ. ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅದನ್ನು ಹೇಳಲು ನಾನೇ ಒಮ್ಮೆ ಅವರೆದುರು ಬಾಯಿ ತೆರೆದಿದ್ದೆ, ಅವರು ಕನ್ನಡಕ ಮಡಚಿದ್ದರು.

"ಹೇಳ್ತೀನಿ ಸರ್. ಪೇಪರ್ಗೆ ತಿದ್ದುಪಡಿ ಕಳ್ಸಿ, ನಮ್ಮಿಬ್ಬರ ಹೆಸರು ಹಾಕಿ."

"ಹಾಗೆಲ್ಲ ಮಾಡೋಕಾಗಲ್ಲಮ್ಮಾ. ಜನ ಏನು ತಿಳ್ಕೋತಾರೆ?"

"ಹಾಗಾದ್ರೆ ಇನ್ನೊಂದು ಲೋಟ ಕಾಫಿ ಕುಡಿದು ನೋಡಿ ಸರ್. ಹೊಳೆದ್ರೂ ಹೊಳೀಬಹುದು."

ಅವರಿಗೆ ಹೊಳೆಯಲಿಲ್ಲ. ಗ್ರಾಂಟ್ ಹೋಯಿತು, ಲ್ಯಾಬ್ ಚಿಕ್ಕದಾಯಿತು, ಸಮ್ಮೇಳನಗಳಿಗೆ ಕರೆಯುವುದು ನಿಂತಿತು. ಅವರ ಗಷ್ಟಿನ ಕಥೆ ಬರೀ ಬೊಗಳೆ ಎಂದು ಆ ವಲಯದಲ್ಲಿ ನಗುತ್ತಿದ್ದರೆಂದು ಲಿನ್ ಹೇಳುತ್ತಿದ್ದಳು. ಅದನ್ನು ಕೇಳಿ ಖುಷಿಯಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಅವರೆಲ್ಲ ನಗುತ್ತಿದ್ದುದು ನನ್ನ ಕೆಲಸಕ್ಕೂ ಹೌದು. ನಾನು ಬದುಕಿನಲ್ಲಿ ಕಂಡುಕೊಂಡ ಒಂದೇ ಒಂದು ನಿಜ ಇನ್ನೊಬ್ಬರ ಹೆಸರಿನಲ್ಲಿ ಸುಳ್ಳಾಗಿ ಬಿದ್ದಿದೆ. ಆ ಸಿಟ್ಟು ಇವತ್ತಿಗೂ ಆರಿಲ್ಲ. ಆರಬೇಕೆಂದು ನನಗೆ ಆಸೆಯೂ ಇಲ್ಲ.

ನನ್ನ ಕೈಯಲ್ಲೇ ಬರೆಸಿ ಎಂದು ಅವರು ಯಾಕೆ ಹೇಳಿದರು ಎಂದು ಈ ವಾರವೆಲ್ಲ ಯೋಚಿಸಿದೆ. ಹೆದರಿಕೆಯೋ, ಪಶ್ಚಾತ್ತಾಪವೋ ಎಂದುಕೊಂಡೆ. ಎರಡೂ ಅಲ್ಲ. ಅವರಿಗೆ ನಿಜವಾಗಿಯೂ ನೆನಪಿಲ್ಲ. ಫಿಲ್ಟರ್ ತೊಳೆಯುತ್ತಾ ಹೊಳೆದ ಕಥೆಯನ್ನು ಅಷ್ಟು ಸಲ ಹೇಳಿ ಅವರೇ ನಂಬಿಬಿಟ್ಟಿದ್ದಾರೆ. ಕೇಳಿದರೆ ಇಲ್ಲ ಅನ್ನದ ನಮ್ಮ ಹುಡುಗಿಯೊಬ್ಬಳು ಮಾತ್ರ ನೆನಪಿದ್ದಾಳೆ.

ಸಂಪಾದಕ ಹುಡುಗ ಇದನ್ನು ಅಚ್ಚು ಹಾಕದಿದ್ದರೂ ನನಗೆ ಬೇಸರವಿಲ್ಲ. ಬಳಗದ ಪತ್ರಿಕೆಗೆ ಬಂದದ್ದನ್ನೆಲ್ಲ ಕೆಂಪು ಪೆನ್ ಹಿಡಿದು ಮೊದಲು ಓದುವವರು ಯಾರು ಎಂದು ನನಗೆ ಗೊತ್ತು. ಆದ್ದರಿಂದ ಸರ್, ಇಲ್ಲಿಂದ ಮುಂದಿನದು ನಿಮಗೆ. ಬಳಗದವರು ಶಾಲು ಹೊದಿಸುತ್ತಾರೆ, ಪೇಟ ತೊಡಿಸುತ್ತಾರೆ, ಹಣ್ಣಿನ ತಟ್ಟೆ ಕೊಡುತ್ತಾರೆ. ನನ್ನ ಉಡುಗೊರೆ ಇದು. ಗಷ್ಟನ್ನು ಒಣಗಿಸಬಾರದಿತ್ತು. ನಿಮಗೆ ಹಸಿ ಕೆಸರು ಕಂಡರೆ ಆಗುವುದಿಲ್ಲ, ಅದಕ್ಕೇ ಒಲೆಯಲ್ಲಿಟ್ಟು ಪುಡಿ ಮಾಡಿಸಿ, ಸೀಸೆಗೆ ತುಂಬಿಸಿದಿರಿ, ಪೇಪರಿನಲ್ಲೂ ಹಾಗೇ ಮಾಡಿ ಎಂದು ಬರೆದಿರಿ. ಒಣಗಿದರೆ ಅದು ಮರಳಿನಂತಾಗಿ, ಕರುಳಿನಲ್ಲಿ ಬಿಚ್ಚಿಕೊಳ್ಳದೆ ಹಾಗೇ ಹೊರಗೆ ಹೋಗುತ್ತದೆ. ನಾವು ಬಿಸಿಯಿರುವಾಗಲೇ, ಹಸಿಹಸಿಯಾಗಿ, ಅಲುಗಿಸಿ ಕುಡಿಸುತ್ತಿದ್ದೆವು, ಲಿನ್ ಕುಡಿದ ಹಾಗೆ. ಒಣಗಿಸಲಿಲ್ಲ ಎಂದು ನಾವೂ ಎಲ್ಲೂ ಬರೆದಿಟ್ಟಿರಲಿಲ್ಲ, ಮಾಡದ ಕೆಲಸವನ್ನು ಯಾರು ಬರೆದಿಡುತ್ತಾರೆ? ಕೇಳಿದ್ದರೆ ಹೇಳುತ್ತಿದ್ದೆವು. ಅಷ್ಟೇ ಸರ್. ಈಗ ನಿಮಗೆಲ್ಲ ಗೊತ್ತಾಯಿತು. ಲ್ಯಾಬಿನ ಬೀಗದ ಕೈ ಹಿಂದಿರುಗಿಸಿದಿರಂತೆ, ಇಲಿಗಳನ್ನೂ ಯಾರೋ ಒಯ್ದರಂತೆ.

ನಿಮ್ಮ ಹೆಸರನ್ನು ಇದರಲ್ಲಿ ಎಲ್ಲೂ ಹಾಕಿಲ್ಲ ಎಂದು ಸಂಪಾದಕರಿಗೆ ಗಾಬರಿಯಾಗಬಹುದು. ಹಾಕಬೇಕಾದ ಜಾಗ ನನಗೆ ಗೊತ್ತಿದೆ, ನಿಮ್ಮಿಂದಲೇ ಕಲಿತದ್ದು. ಕಟ್ಟಕಡೆಯಲ್ಲಿ, ಸಣ್ಣ ಅಕ್ಷರದಲ್ಲಿ:

ಈ ಬರಹ ಸಿದ್ಧಪಡಿಸಲು ನೆರವಾದ ಪ್ರಯೋಗಾಲಯದ ಎಲ್ಲರಿಗೂ ವಂದನೆಗಳು.